ಎರಡೂ ಮನೆಯವರಿಗೆ ನನ್ನ ಧನ್ಯವಾದ

ಅಪ್ಪ ಮನೆಗೆ ಬಂದರು. ಬೈಪಾಸ್ ಆಪರೇಷನ್ ಚೆನ್ನಾಗಿ ಆಗಿದೆ. ಈಗ ಹಿತ್ತಲವರೆಗೆ ನಡೆಯುತ್ತಾರೆ, ಸಾರಿಗೆ ಉಪ್ಪು ಸಾಲದು ಅಂತ ಗೊಣಗುತ್ತಾರೆ. ಫೋನ್ ಮಾಡಿದವರಿಗೆಲ್ಲ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಾಬರ್ಟ್‌ಸನ್‌ಪೇಟೆಯ ಹುಡುಗರಿಗೆ. ಕೆಜಿಎಫ್‌ನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬಂದು ರಕ್ತ ಕೊಟ್ಟಿರಿ. ತಿಂಡಿಗೂ ನಿಲ್ಲದೆ ಕೆಲಸಕ್ಕೆ ಓಡಿದಿರಿ. ನಿಮ್ಮ ಋಣ ದೊಡ್ಡದು. ಐಸಿಯು ನರ್ಸ್‌ಗಳಿಗೂ ಕೈ ಮುಗಿಯುತ್ತೇನೆ.

ಇನ್ನು, ಬರೆಯಲೇಬೇಕಾದ ಮಾತು. ನಮ್ಮನ್ನು ಬಲ್ಲವರಿಗೆ ಗೊತ್ತು, ಅಪ್ಪನಿಗೆ ಎರಡು ಸಂಸಾರ. ದೊಡ್ಡಮ್ಮ, ಅಣ್ಣ ಬೆಂಗಳೂರಿನಲ್ಲಿ. ಅಮ್ಮ, ನಾನು ಕೆಜಿಎಫ್‌ನಲ್ಲಿ. ಅಮ್ಮ ತಮಿಳಿನವರು, ಹಾಗಾಗಿ ಮನೆಯಲ್ಲಿ ತಮಿಳು ಸಿನಿಮಾ ಜಾಸ್ತಿ. ಆದರೆ ಟಿವಿಯಲ್ಲಿ 'ಅಗ್ನಿ ನಕ್ಷತ್ರಂ' ಬಂದರೆ ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ನಾನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

1988ರ ಮಣಿರತ್ನಂ ಸಿನಿಮಾ. ಇಳಯರಾಜ ಹಾಡು, ಫೈಟು, ಕಾಮಿಡಿ, ಎಲ್ಲ ಇರುವ ಪಕ್ಕಾ ಮಸಾಲೆ. ಅಪ್ಪ ವಿಜಯಕುಮಾರ್. ಹೆಂಡತಿಯರು ಸುಮಿತ್ರಾ, ಜಯಚಿತ್ರಾ. ಒಂದು ಮನೆಯ ಮಗ ಪ್ರಭು, ಪೊಲೀಸ್ ಅಧಿಕಾರಿ. ಇನ್ನೊಂದು ಮನೆಯ ಸಿಡುಕ ಹುಡುಗ ಕಾರ್ತಿಕ್, ಅವನ ತಂಗಿಯಾಗಿ ನಮ್ಮ ತಾರಾ. ಅಣ್ಣತಮ್ಮ ಎದುರಾದರೆ ಸಾಕು, ಕಿಡಿ. ಅಪ್ಪ ಒಬ್ಬ ದುಷ್ಟ ಶ್ರೀಮಂತನ ವಿಚಾರಣೆ ನಡೆಸುತ್ತಿದ್ದಾನೆ, ಆತ ಇವನನ್ನು ಮುಗಿಸಲು ನೋಡುತ್ತಾನೆ. ಆಸ್ಪತ್ರೆಯಲ್ಲಿರುವ ಅಪ್ಪನನ್ನು ಉಳಿಸಲು ಮಕ್ಕಳಿಬ್ಬರೂ ಒಂದಾಗುತ್ತಾರೆ. ಕ್ಯಾಮೆರಾಮನ್ ಪಿ.ಸಿ. ಶ್ರೀರಾಮ್ ಆ ಕ್ಲೈಮ್ಯಾಕ್ಸನ್ನು ಹತ್ತಿ ಆರುವ ಬೆಳಕಿನಲ್ಲಿ ತೆಗೆದಿದ್ದಾರೆ.

ಸಿನಿಮಾದಲ್ಲಿ ಮಾತ್ರ ಹೀಗೆಲ್ಲ ಆಗೋದು ಅಂತ ಜನ ಹೇಳುತ್ತಾರೆ. ನನಗೆ ಆ ಸಿನಿಮಾ ಬೇಕಾಗಿದ್ದುದೇ ಅದಕ್ಕೆ. 'ಎರಡನೇ ಮನೆ' ಅಂತ ಶಾಲೆಯಲ್ಲಿ, ಮದುವೆಮನೆಯಲ್ಲಿ ಕೇಳಿಸಿಕೊಂಡು ಬೆಳೆದ ಹುಡುಗನಿಗೆ ಕಾರ್ತಿಕ್‌ನ ಸಿಟ್ಟು ಪೂರ್ತಿ ಅರ್ಥವಾಗುತ್ತದೆ. ಆ ಹುಡುಗನಿಗೂ ಒಂದು ಹಾಡು, ಒಂದು ಗೆಲುವು ಕೊಟ್ಟ ಇಡೀ ತಂಡಕ್ಕೆ ನನ್ನ ನಮಸ್ಕಾರ.

ಐಸಿಯು ಒಳಗೆ ಹೋಗಲು ಒಂದೇ ಪಾಸ್ ಇತ್ತು. ಅದು ಅಣ್ಣನ ಹತ್ತಿರ ಇತ್ತು. ನಾವು ಮಾತಾಡಿ ವರ್ಷಗಳೇ ಆಗಿದ್ದವು. ಮೊದಲ ರಾತ್ರಿ ಅವನು ಕುತ್ತಿಗೆಯಿಂದ ಪಾಸ್ ತೆಗೆದು ನನಗೆ ಹಾಕಿ, "ನಿನ್ನನ್ನ ಕೇಳ್ತಿದ್ದಾರೆ, ಹೋಗು" ಅಂದ. ತಾನು ಕೆಳಗೆ ಪಾರ್ಕಿಂಗ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆಳಗಿನವರೆಗೆ ಕೂತಿದ್ದ. ಬೆಳಿಗ್ಗೆ ದೊಡ್ಡಮ್ಮ ಕಳಿಸಿದ ಕ್ಯಾರಿಯರ್ ಬಂತು. ಮೇಲಿನ ಡಬ್ಬಿಯಲ್ಲಿ ಖಾರ ಹಾಕದ ಉಪ್ಪಿಟ್ಟು. ಅಮ್ಮನಿಗೆ ಅಲ್ಸರ್ ಇರುವುದು ಅವರಿಗೆ ಹೇಗೆ ಗೊತ್ತಾಯಿತೋ! ಅಮ್ಮ ತಿಂದು, ಡಬ್ಬಿ ತೊಳೆದು, ಅದರಲ್ಲಿ ಒಂದಿಷ್ಟು ಸಕ್ಕರೆ ಹಾಕಿ ವಾಪಸ್ ಕಳಿಸಿದರು.

ಅಣ್ಣಾ, ಎದುರಿಗೆ ಹೇಳಲು ನನಗೆ ಬಾಯಿ ಬರಲ್ಲ. ನೀನಿಲ್ಲದಿದ್ದರೆ ಆ ದಿನಗಳನ್ನು ನಾನು ದಾಟುತ್ತಿರಲಿಲ್ಲ. ದೊಡ್ಡಮ್ಮ, ನಿಮ್ಮ ಕಾಲಿಗೆ ನಮಸ್ಕಾರ.

ಅಪ್ಪನನ್ನು ನೋಡಬೇಕು ಅನ್ನುವವರು ಸಂಜೆ ಹೊತ್ತು ಬನ್ನಿ, ಜಾಸ್ತಿ ಮಾತಾಡಿಸಬೇಡಿ. ಭಾನುವಾರ ಬಂದರೆ ಅಣ್ಣನೂ ಸಿಗುತ್ತಾನೆ.