ಉಜ್ಜಿ ಹಾಳು ಮಾಡಿದ 1858ರ ಪೆನ್ನಿಯ ಹಣ ವಾಪಸಾತಿ ಕುರಿತು

ಗೆ,
ವ್ಯವಸ್ಥಾಪಕರು,
ಹಳೆಯ ನಾಣ್ಯಗಳ ಮಾರಾಟ ವಿಭಾಗ,
ಬೆಂಗಳೂರು

ಮಾನ್ಯರೇ,

ಕಳೆದ ತಿಂಗಳು ನಿಮಗೆ 6,500 ರೂಪಾಯಿ ಪಾವತಿಸಿ ವಿಕ್ಟೋರಿಯಾ ರಾಣಿಯ 1858ರ ತಾಮ್ರದ ಪೆನ್ನಿಯೊಂದನ್ನು ತರಿಸಿಕೊಂಡೆ. ‘7ರ ಮೇಲೆ 8, ಒಳ್ಳೆಯ ಸ್ಥಿತಿ, ಮೂಲ ಬಣ್ಣ ಹಾಗೆಯೇ ಇದೆ’ ಎಂದು ವಿವರಣೆಯಲ್ಲಿ ನೀವೇ ಬರೆದಿದ್ದಿರಿ. 7ರ ಮೇಲೆ 8 ಎಂದರೆ, ಇಸವಿಯ ಕೊನೆಯ 7ರ ಮೇಲೆಯೇ 8 ಒತ್ತಿದ ಅಚ್ಚಿನ ನಾಣ್ಯ. ಚಿತ್ರದಲ್ಲಿ ನಾಣ್ಯ ಹುರಿದ ಕಾಫಿ ಬೀಜದ ಬಣ್ಣಕ್ಕಿತ್ತು. ಪೊಟ್ಟಣ ಬಿಚ್ಚಿದಾಗ ಕೈಗೆ ಬಂದದ್ದು, ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಯಂತೆ ಫಳಫಳ ಹೊಳೆಯುವ ಬಿಲ್ಲೆ.

ಬೇರೆ ನಾಣ್ಯವನ್ನೇ ಕಳುಹಿಸಿರಬೇಕು ಎಂದು ಮೊದಲು ಅಂದುಕೊಂಡೆ. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದರೆ 18.6 ಗ್ರಾಂ ಬಂತು. ಈ ಪೆನ್ನಿಯ ನಿಗದಿತ ತೂಕ ಸುಮಾರು 18.8 ಗ್ರಾಂ, ಆದ್ದರಿಂದ ಅದು ನಕಲಿ ಎಂದು ನಾನು ಆರೋಪಿಸುತ್ತಿಲ್ಲ. ನಾಣ್ಯದ ಹಿಂಬದಿಯಲ್ಲಿರುವ, ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾ ಎಂಬ ಸ್ತ್ರೀಯ ಗುರಾಣಿಯ ಬಳಿ, ಅಂಚಿನಲ್ಲಿ, ಎಳ್ಳುಕಾಳಿನಷ್ಟು ಚಿಕ್ಕ ಕಚ್ಚೊಂದಿದೆ. ಅದು ನಿಮ್ಮ ಚಿತ್ರದಲ್ಲೂ ಇದೆ. ಅಂದರೆ ನಾಣ್ಯ ಅದೇ, ಚಿತ್ರ ತೆಗೆದ ಮೇಲೆ ಉಜ್ಜಿದ್ದಾರೆ. ದೂರವಾಣಿಯಲ್ಲಿ ಕೇಳಿದಾಗ ನಿಮ್ಮ ಸಿಬ್ಬಂದಿ ಮುಚ್ಚಿಡಲೂ ಇಲ್ಲ. “ಇಸವಿ ಚೆನ್ನಾಗಿ ಕಾಣಲಿ ಎಂದು ಸ್ವಚ್ಛ ಮಾಡಿದ್ದೇವೆ ಸರ್, ಅದಕ್ಕೆ ಹಣ ಹಾಕಿಲ್ಲ” ಎಂದರು.

ಇಸವಿ ಚೆನ್ನಾಗಿಯೇ ಕಾಣುತ್ತದೆ. ಕಾಣದಿರುವುದು 7.

ಆ ಕಾಲದಲ್ಲಿ ಲಂಡನ್ನಿನ ಟಂಕಸಾಲೆಯವರು ವರ್ಷ ಮುಗಿದ ಮಾತ್ರಕ್ಕೆ ಗಟ್ಟಿಯಾಗಿರುವ ಅಚ್ಚನ್ನು ಎಸೆಯುತ್ತಿರಲಿಲ್ಲ. ಹಳೆಯ ಅಂಕಿಯ ಮೇಲೆಯೇ ಹೊಸದನ್ನು ಒತ್ತಿ ಕೆಲಸ ಸಾಗಿಸಿದ್ದುಂಟು. ಹೀಗೆ 1854ರಲ್ಲಿ 3ರ ಮೇಲೆ 4 ಬಂತು, 1858ರಲ್ಲಿ 7ರ ಮೇಲೆ 8 ಬಂತು. ತಾಮ್ರದ ಪೆನ್ನಿಯ ಕಡೆಯ ವರ್ಷವಾದ 1860ರಲ್ಲೂ 59ರ ಮೇಲೆ 60 ಒತ್ತಿದರು; ಅದೇ ವರ್ಷ ಅರ್ಧ ತೂಕದ ಕಂಚಿನ ಪೆನ್ನಿ ಬಂದು ಈ ದಪ್ಪ ತಾಮ್ರದ ಕಾಲ ಮುಗಿಯಿತು. ನಿಮ್ಮ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ರಾಣಿಯ ಕತ್ತಿನ ಕೆಳಗಿನ ಇಸವಿಯಲ್ಲಿ, ಕೊನೆಯ 8ರ ಮೇಲಿನ ಸುತ್ತಿನ ಪಕ್ಕ, 7ರ ತಲೆಗೆರೆಯ ಮೂಲೆ ಇಣುಕುತ್ತಿತ್ತು. ಕೂದಲೆಳೆಯಷ್ಟು ಉಬ್ಬು. ಈಗ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದರೂ ಅಲ್ಲಿ ಕಾಣುವುದು ಒಂದೇ ದಿಕ್ಕಿಗೆ ಎಳೆದ ಗೀರುಗಳು ಮಾತ್ರ. ಬರೀ 1858 ಸಾಕಾಗಿದ್ದರೆ ನನ್ನ ಬಳಿ ಆಗಲೇ ಒಂದಿದೆ; ಅದಕ್ಕೆ ನಾನು ಕೊಟ್ಟದ್ದು 1,800 ರೂಪಾಯಿ. ಉಳಿದ 4,700 ರೂಪಾಯಿ ಕೊಟ್ಟದ್ದು ನೀವು ಉಜ್ಜಿ ತೆಗೆದ ಆ ಮೂಲೆಗೆ.

ಎರಡನೆಯ ಸಲ ಕರೆ ಮಾಡಿದಾಗ ಬೇರೊಬ್ಬರು, ಔಷಧ ಹಚ್ಚಿ ಮತ್ತೆ ಕಂದು ಬಣ್ಣ ಬರಿಸಿಕೊಡುವುದಾಗಿ ಹೇಳಿದರು. ಬಣ್ಣ ಬಂದೀತು, 7 ಎಲ್ಲಿಂದ ಬರಬೇಕು? ಮುಂದಿನ ಖರೀದಿಯಲ್ಲಿ 500 ರೂಪಾಯಿ ರಿಯಾಯಿತಿಯೂ ನನಗೆ ಬೇಡ. ‘ಮಾರಿದ ನಾಣ್ಯ ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದ್ದೀರಿ. ಮನಸ್ಸು ಬದಲಾಯಿಸಿದ ಗ್ರಾಹಕನಿಗೆ ಆ ಮಾತು ಹೇಳಿ. ತೋರಿಸಿದ್ದೊಂದು, ಕೊಟ್ಟದ್ದೊಂದು ಆದಾಗ ಅದರ ಹಿಂದೆ ಅಡಗಬೇಡಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಪೂರ್ತಿ 6,500 ರೂಪಾಯಿ ಹಾಗೂ ನಾಣ್ಯವನ್ನು ಹಿಂದಿರುಗಿಸುವ ಅಂಚೆಯ ವೆಚ್ಚವನ್ನು ನನ್ನ ಖಾತೆಗೆ ಜಮಾ ಮಾಡಬೇಕು. ಇಲ್ಲವಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ನಿಮ್ಮ ಚಿತ್ರದ ಪ್ರತಿ, ನಾಣ್ಯದ ಈಗಿನ ಚಿತ್ರ, ಬಿಲ್ಲು ಮತ್ತು ತೂಕದ ಚೀಟಿಯನ್ನು ಲಗತ್ತಿಸಿದ್ದೇನೆ.

ಇನ್ನೊಂದು ಮಾತು. 1797ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೌಲ್ಟನ್ ಹೊಡೆಸಿದ, ಒಂದು ಔನ್ಸ್ ತೂಕದ ಅಗಲ ಅಂಚಿನ ಪೆನ್ನಿಯೊಂದನ್ನು ನೀವು ಈ ವಾರ ಮಾರಾಟಕ್ಕಿಟ್ಟಿದ್ದೀರಿ. ಅದನ್ನು ಕೊಳ್ಳುವವನು ನಾನಲ್ಲ. ಯಾರೇ ಕೊಳ್ಳಲಿ, ದಯವಿಟ್ಟು ಇದ್ದ ಹಾಗೆಯೇ ಕಳುಹಿಸಿಕೊಡಿ.

ಇಂತಿ,
ನಿಮ್ಮ ಗ್ರಾಹಕ,
ಧಾರವಾಡ