ಕಪ್ಪೆಗೆ ಕೊಡೆ ಯಾಕೆ ಸ್ವಾಮಿ?

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರದ ನಿಮ್ಮ ಪುರವಣಿಲಿ ಒಂದು ಕಪ್ಪೆ ಫೋಟೋ ಬಂದಿತ್ತು. ಮಳೆ ಬೀಳ್ತಾ ಇದೆ, ದಪ್ಪ ಹಸಿರು ಕಪ್ಪೆ ಒಂದು ಎಲೆ ತೊಟ್ಟು ಹಿಡ್ಕೊಂಡು ಅದನ್ನೇ ಕೊಡೆ ಮಾಡ್ಕೊಂಡು ಕೂತಿದೆ, ಕೆಳಗೆ ಪ್ರಕೃತಿಯ ವಿಸ್ಮಯ ಅಂತ ಹಾಕಿದ್ರಿ. ನಮ್ಮ ಮೊಮ್ಮಗಳು ಅದನ್ನ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಟ್ಟಿದಾಳೆ, ನೀರು ಕುಡಿಯೋಕೆ ಹೋದಾಗೆಲ್ಲ ಅದೇ ಕಣ್ಣಿಗೆ ಬೀಳುತ್ತೆ, ನೋಡಿ ನೋಡಿ ತಡಿಯೋಕಾಗದೆ ಈ ಪತ್ರ. ಮಾರಾಯ್ರೇ, ಕಪ್ಪೆಗೆ ಮಳೆ ಅಂದ್ರೆ ಹಬ್ಬ. ವರ್ಷವಿಡೀ ಅದಕ್ಕೇ ಕಾಯೋ ಪ್ರಾಣಿ ಕೊಡೆ ಹಿಡಿಯುತ್ತಾ? ನಮ್ಮ ಮಲೆನಾಡಲ್ಲಿ ಮಳೆಗೆ ತಲೆ ಮೇಲೆ ಹೊದೆಯೋ ಕೊಪ್ಪೆ ಬೇಕಾಗಿದ್ದು ಮನುಷ್ಯರಿಗೆ, ಕಪ್ಪೆಗಲ್ಲ.

ಇಂಥ ಫೋಟೋಗಳು ಸುಮಾರಾಗಿ ಇಂಡೋನೇಷ್ಯಾ ಕಡೆಯಿಂದ ಬರ್ತವೆ. ಬಸವನಹುಳು ಮೇಲೆ ಕಪ್ಪೆ ಸವಾರಿ, ಮೊಸಳೆ ತಲೆ ಮೇಲೆ ಸಾಲಾಗಿ ಕಪ್ಪೆಗಳು, ಎಲ್ಲಾ ನೋಡಿದೀವಿ ವಾಟ್ಸಾಪಲ್ಲಿ. ಸಾಕಿದ ಕಪ್ಪೆಗಳನ್ನ ತಂದು, ಬೇಕಾದ ಹಾಗೆ ಕೂರಿಸಿ ತೆಗೆಯೋದು ಅಂತ ಕಪ್ಪೆ ಬಲ್ಲೋರು ಎಷ್ಟೋ ವರ್ಷದಿಂದ ಹೇಳ್ತಾನೇ ಇದಾರೆ. ಅದು ಅಲ್ಲೇ ಇದ್ದಿದ್ರೆ ನನಗೇನೂ ತಕರಾರಿರಲಿಲ್ಲ, ಆದ್ರೆ ಅದನ್ನ ನೋಡಿದ ನಮ್ಮೋರು ಅದೇ ಥರದ್ದು ಬೇಕು ಅಂತ ಕ್ಯಾಮೆರಾ ಹಿಡ್ಕೊಂಡು ನಮ್ಮ ತೋಟಕ್ಕೇ ಬರ್ತಿದಾರಲ್ಲ, ಅದಕ್ಕೆ ಹೇಳ್ತಿದೀನಿ.

ನಮ್ಮದು ಆಗುಂಬೆ ಹತ್ರ ಅಡಿಕೆ ತೋಟ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯೋ ಜಾಗ, ಹಂಗಾಗಿ ಜೂನ್ ಜುಲೈಲಿ ಕಪ್ಪೆ ಹಾವು ನೋಡೋಕೆ ಅಂತ್ಲೇ ಬೆಂಗಳೂರು ಕಡೆಯಿಂದ ಜನ ಬಂದು ಹೋಮ್‌ಸ್ಟೇಲಿ ಉಳ್ಕೊಳ್ತಾರೆ. ಪಕ್ಕದ ಹೋಮ್‌ಸ್ಟೇಯವರು ದಾರಿ ತೋರ್ಸೋಕೆ ನನ್ನ ಕರೀತಾರೆ, ಕತ್ತಲೆ ಆದ್ಮೇಲೆ ಟಾರ್ಚ್ ಹಿಡ್ಕೊಂಡು ಹಳ್ಳದ ಬದೀಲಿ ಎರಡು ಗಂಟೆ ಸುತ್ತಾಡಿ ಬರೋದು, ಕಾಲಿಗೆ ಉಂಬಳ ಅಂದ್ರೆ ಜಿಗಣೆ, ತಲೆ ಮೇಲೆ ಮಳೆ, ನನಗೂ ಖುಷಿನೇ.

ಹೋದ ವರ್ಷ ಆಷಾಢದಲ್ಲಿ ನಮ್ಮ ತೋಟದ ಕೊನೇಲಿ ಏಲಕ್ಕಿ ಗಿಡದ ಮೇಲೆ ಒಂದು ಗುಳಿಮಂಡಲ ಹಾವು ಕೂತಿತ್ತು. ಈ ಜಾತಿದು ಹಸಿರು, ಕಂದು, ಹಳದಿ ಹೀಗೆ ಬೇರೆ ಬೇರೆ ಬಣ್ಣದಲ್ಲಿ ಇರುತ್ತೆ, ನಮ್ಮದು ಪಾಚಿ ಹತ್ತಿದ ಕಲ್ಲಿನ ಬಣ್ಣ, ಪಕ್ಕದಲ್ಲೇ ನಿಂತ್ರೂ ಗೊತ್ತಾಗ್ತಿರಲಿಲ್ಲ. ಹನ್ನೊಂದು ದಿನ ಅಲ್ಲೇ ಇತ್ತು, ಅದೇ ಎಲೆ, ಅದೇ ಸುರುಳಿ, ತಲೆ ಮಾತ್ರ ಒಂದೊಂದು ದಿನ ಒಂದೊಂದು ಕಡೆ. ಹನ್ನೆರಡನೇ ದಿನ ಆರು ಜನರ ಒಂದು ಟೀಮ್ ಬಂತು, ಅವರಿಗೆ ತೋರ್ಸಿದ್ದು ನಾನೇ, ತಪ್ಪು ನನ್ನದೂ ಇದೆ. ಮೊದಲು ಒಬ್ಬ ಅಡ್ಡ ಬಂದ ಎಲೆ ಮುರಿದ. ಆಮೇಲೆ ಇನ್ನೊಬ್ಬ ಬ್ಯಾಗಿಂದ ಕೊಕ್ಕೆ ಇರೋ ಕೋಲು ತೆಗೆದು ಹಾವನ್ನ ಎತ್ತಿ ಪಾಚಿ ಹಿಡಿದ ಬೊಡ್ಡೆ ಮೇಲೆ ಇಟ್ಟ, ಬ್ಯಾಕ್‌ಗ್ರೌಂಡ್ ಕ್ಲೀನ್ ಬರುತ್ತಂತೆ. ಅದು ಇಳಿದು ಹೋಗೋದು, ಇವರು ಮತ್ತೆ ಎತ್ತಿ ಇಡೋದು, ಮೂರು ಕಡೆಯಿಂದ ಫ್ಲ್ಯಾಶು, ಮುಕ್ಕಾಲು ಗಂಟೆ ಇದೇ ಆಯ್ತು. ಸಾಕು ಬಿಡ್ರಪ್ಪ ಅಂದ್ರೆ ಅಂಕಲ್ ಫೈವ್ ಮಿನಿಟ್ಸ್ ಅಂತಾರೆ. ಮಾರನೇ ದಿನ ಗಿಡ ಖಾಲಿ, ಆ ಮಳೆಗಾಲ ಪೂರ್ತಿ ಅದು ಮತ್ತೆ ಕಾಣಲಿಲ್ಲ.

ಅದು ಅಲ್ಲಿ ಸುಮ್ನೆ ಕೂತಿರಲಿಲ್ಲ ನೋಡಿ. ಈ ಹಾವು ಬೇಟೆ ಹುಡುಕ್ಕೊಂಡು ಅಲೆಯೋದು ಕಡಿಮೆ, ಕಪ್ಪೆನೋ ಓತಿನೋ ಓಡಾಡೋ ದಾರಿ ಪಕ್ಕ ಕೂತು ದಿನಗಟ್ಲೆ ಕಾಯುತ್ತೆ. ಕಣ್ಣಿಗೂ ಮೂಗಿಗೂ ಮಧ್ಯ ಒಂದು ಸಣ್ಣ ಗುಳಿ ಇರುತ್ತಲ್ಲ, ಹೆಸರು ಬಂದಿದ್ದೇ ಅದರಿಂದ, ಕತ್ತಲಲ್ಲಿ ಬಿಸಿರಕ್ತದ ಇಲಿ ಗಿಲಿ ಹತ್ರ ಬಂದ್ರೆ ಅದರ ಮೈ ಶಾಖ ಅಲ್ಲಿಗೆ ಗೊತ್ತಾಗುತ್ತೆ. ಅಂಥ ಜಾಗ ಆರಿಸ್ಕೊಂಡು ಕೂತಿದ್ದನ್ನ ನಾವು ಒಂದು ಫೋಟೋಗೋಸ್ಕರ ಎಬ್ಬಿಸಿದ್ವಿ.

ಅದೇ ಟೀಮಲ್ಲಿ ಒಬ್ಬ ಹುಡುಗಿ ಹಾರೋ ಕಪ್ಪೆನ ಅಂಗೈ ಮೇಲೆ ಕೂರಿಸ್ಕೊಂಡಿದ್ಲು, ಕೈ ತುಂಬಾ ಸೊಳ್ಳೆ ಕ್ರೀಮು. ಕಪ್ಪೆ ಚರ್ಮದಲ್ಲೂ ಉಸಿರಾಡುತ್ತೆ, ನಾವು ಹಚ್ಚಿದ್ದೆಲ್ಲ ಅದರ ಒಳಗೇ ಹೋಗುತ್ತೆ ಅಂತ ಹೇಳಿದ್ಮೇಲೆ ಪಾಪ ತಕ್ಷಣ ಬಿಟ್ಲು. ಗೊತ್ತಿರಲ್ಲ ಎಷ್ಟೋ ಜನಕ್ಕೆ. ಕಪ್ಪೆಗಳಿಗೆ ಅಂಟೋ ಒಂದು ಶಿಲೀಂಧ್ರ ರೋಗ ಬೇರೆ ಇದೆ, ಕೈಟ್ರಿಡ್ ಅಂತಾರೆ, ಪ್ರಪಂಚದ ಬೇರೆ ಕಡೆ ಕಪ್ಪೆ ಜಾತಿಗಳನ್ನೇ ಅಳಿಸಿಹಾಕಿದೆ. ಬೂಟಿಗಂಟಿದ ಕೆಸರಲ್ಲೂ ಅದು ಹರಡಬಹುದು, ಒಂದು ಹಳ್ಳದಿಂದ ಬಂದು ಇನ್ನೊಂದು ಹಳ್ಳಕ್ಕೆ ಇಳಿಯೋ ಮುಂಚೆ ಬೂಟು ತೊಳ್ದು ಒಣಗಿಸಿ ಅಂದ್ರೆ ನಗ್ತಾರೆ.

ಮುಟ್ಟದೇ ಸುಮ್ನೆ ಕೂತ್ರೆ ಏನು ಕಾಣುತ್ತೆ ಅಂತ ಕೇಳಿ. ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳಲ್ಲಿ, ಅಂದ್ರೆ ರಾಮಪತ್ರೆ ಮರಗಳ ಜೌಗು ಕಾಡಲ್ಲಿ, ಕುಂಬಾರ ಕಪ್ಪೆ ಅಂತ ಒಂದಿದೆ, 2014ರಲ್ಲಿ ಹೊಸ ಜಾತಿ ಅಂತ ಗುರುತಿಸಿ ಹೆಸರನ್ನೂ ಕುಂಬಾರ ಅಂತ್ಲೇ ಇಟ್ರು. ಹೆಣ್ಣು ನೀರಿನ ಮೇಲಿರೋ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗುತ್ತೆ, ಗಂಡು ಹಿಂಗಾಲ ಮೇಲೆ ಎದ್ದು ನಿಂತು ಮುಂಗೈಲಿ ಕೆಸರು ತಂದು ಮೊಟ್ಟೆಗೆ ಮೆತ್ತುತ್ತೆ, ಮತ್ತೆ ಹೋಗಿ ತರುತ್ತೆ, ಮತ್ತೆ ಮೆತ್ತುತ್ತೆ, ಥೇಟ್ ಮಡಕೆ ಮಾಡೋರ ಹಂಗೆ. ನಮ್ಮ ತೋಟದ ಕೆರೆ ಮೇಲೆ ಹಾರೋ ಕಪ್ಪೆಗಳು ಎಲೆಗೆ ನೊರೆ ಗೂಡು ಕಟ್ತವೆ, ಮೊಟ್ಟೆ ಒಡೆದ್ಮೇಲೆ ಮರಿಗಳು ಒಂದೊಂದಾಗಿ ಕೆಳಗೆ ನೀರಿಗೆ ಉದುರ್ತವೆ, ಟಪ್ ಟಪ್ ಅಂತ. ಹಳ್ಳದ ಸದ್ದಲ್ಲಿ ಕೂಗಿದ್ರೂ ಕೇಳಲ್ಲ ಅಂತ ಹಿಂಗಾಲು ಚಾಚಿ ಚಾಚಿ ತೋರ್ಸೋ ಕುಣಿಯೋ ಕಪ್ಪೆನೂ ಇದೆ. ಹತ್ರ ಹೋಗಿ ಲೈಟ್ ಬಿಟ್ರೆ ಇದ್ಯಾವುದೂ ನಡೆಯಲ್ಲ, ಎಲ್ಲಾ ಸ್ಟಾಪ್.

ಹಾವು ಕೈಲಿ ಹಿಡಿದು ಪೋಸ್ ಕೊಡೋರಿಗೆ ಇನ್ನೊಂದು ಮಾತು. ನಮ್ಮ ಆಸ್ಪತ್ರೆಗಳಲ್ಲಿ ಸಿಗೋ ಹಾವಿನ ವಿಷ ಇಳಿಸೋ ಇಂಜೆಕ್ಷನ್ ಇರೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಗುಳಿಮಂಡಲಕ್ಕೆ ಇಲ್ಲಿ ಔಷಧಿ ತಯಾರಾಗಲ್ಲ, ಕಾಳಿಂಗಕ್ಕೂ ಇಲ್ಲ, ಕಾಳಿಂಗದ್ದು ಥಾಯ್ಲೆಂಡಿನ ರೆಡ್‌ಕ್ರಾಸ್‌ನೋರು ಮಾಡ್ತಾರೆ, ಅದೂ ಅಲ್ಲಿನ ಹಾವಿನ ವಿಷದಿಂದ. ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆನೇ ಜಾತಿ ಅಂತ 2024ರಲ್ಲಿ ಬೇರ್ಪಡಿಸಿ ನಮ್ಮ ಕಾಳಿಂಗ ಅನ್ನೋ ಪದವನ್ನೇ ವೈಜ್ಞಾನಿಕ ಹೆಸರಿಗೂ ಇಟ್ಟಿದಾರೆ, ಅದು ಖುಷಿ ವಿಷಯ. ಅದೇ ವರ್ಷ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡ್ಬೇಕಾದ ಕಾಯಿಲೆಗಳ ಪಟ್ಟಿಗೂ ಸೇರಿಸ್ತು. ಇಷ್ಟೆಲ್ಲಾ ಆದ್ಮೇಲೂ ಕಾಳಿಂಗದ ಬಾಲ ಹಿಡಿದು ನಿಂತವರ ಫೋಟೋ ಪೇಪರಲ್ಲಿ ಬರ್ತಾನೇ ಇದೆ, ಕೆಳಗೆ ಸಾಹಸಿ ಅಂತ ಬೇರೆ.

ಮಗ ಸಿಂಗಾಪುರದಲ್ಲಿದಾನೆ, ಅಲ್ಲಿಗೆ ಹೋದಾಗ ಸುಂಗೈ ಬುಲೋ ಅಂತ ಒಂದು ಜೌಗು ಕಾಡಿಗೆ ಕರ್ಕೊಂಡು ಹೋಗಿದ್ದ. ನಮ್ಮ ಉಡಕ್ಕಿಂತ ದೊಡ್ಡ ಉಡ ಒಂದು ದಾರಿಗೆ ಅಡ್ಡ ಬಂದು ನಿಧಾನಕ್ಕೆ, ನಾಲಗೆ ಚಾಚ್ತಾ, ಯಾರಪ್ಪನ ಗಂಟೇನು ಹೋಗಬೇಕು ಅನ್ನೋ ಹಂಗೆ ದಾಟ್ತಾ ಇತ್ತು. ಸ್ಕೂಲ್ ಮಕ್ಕಳ ಸಾಲು, ಸೈಲೆಂಟಾಗಿ ನಿಂತು ದಾರಿ ಬಿಟ್ರು. ಮೊಸಳೆ ಕಂಡ್ರೆ ಏನು ಮಾಡ್ಬೇಕು ಅಂತ ಬೋರ್ಡಿದೆ, ಹತ್ರ ಹೋಗ್ಬೇಡಿ, ಮೆಲ್ಲಗೆ ಹಿಂದೆ ಸರೀರಿ, ಅಷ್ಟೇ. ಸಿಂಗಾಪುರದಲ್ಲಿ ಎಲ್ಲಾ ಸರಿ ಅಂತಲ್ಲ, ಕಾಡು ಕಡಿದೇ ಊರು ಕಟ್ಟಿದಾರೆ, ಆದ್ರೂ ಆ ಮಕ್ಕಳು ನಿಂತಿದ್ದು ಮನಸಲ್ಲಿ ಉಳೀತು.

ಹಂಗಾಗಿ ನಿಮ್ಮಲ್ಲಿ ಕೇಳ್ಕೊಳ್ಳೋದು, ಓದುಗರು ಕಳಿಸೋ ಹಾವು ಕಪ್ಪೆ ಫೋಟೋ ಹಾಕೋ ಮುಂಚೆ ಅದನ್ನ ಮುಟ್ಟಿದ್ರಾ, ಎತ್ತಿ ಇಟ್ರಾ ಅಂತ ಒಂದು ಮಾತು ಕೇಳಿ. ಹಾವು ಹಿಡಿದು ನಿಂತವರ ಫೋಟೋ ಬೇಡವೇ ಬೇಡ. ಊರಿನ ಹೆಸರು, ಹಳ್ಳದ ಹೆಸರು ಸಮೇತ ಅಚ್ಚು ಹಾಕ್ಬೇಡಿ, ಮುಂದಿನ ಶನಿವಾರ ಅಲ್ಲಿ ಹತ್ತು ಕಾರ್ ನಿಂತಿರ್ತವೆ. ಮೊಮ್ಮಗಳಿಗೆ ಫ್ರಿಜ್ಜಿನ ಕಪ್ಪೆ ಸುಳ್ಳು ಅಂತ ಹೇಳಿದೀನಿ, ಅವಳಿಗೆ ನನ್ನ ಮೇಲೇ ಸಿಟ್ಟು. ನಿಮಗೆ ಫೋಟೋನೇ ಬೇಕಿದ್ರೆ ಆ ಗುಳಿಮಂಡಲದ್ದು ನನ್ನ ಮೊಬೈಲಲ್ಲಿ ಒಂದಿದೆ, ಎಂಟನೇ ದಿನ ತೆಗೆದಿದ್ದು, ಸ್ವಲ್ಪ ಶೇಕ್ ಆಗಿದೆ, ಅರ್ಧ ಹಾವು ಎಲೆ ಹಿಂದೆ ಇದೆ.

ಇಂತಿ,
ಆಗುಂಬೆ ಕಡೆಯ ನಿಮ್ಮ ಓದುಗ