ಡಿವಿಡಿ ಮಾಡುವವರೇ, ಚಾಪ್ಟರ್ ನೋಡಿ ಹಾಕಿ

ಮಾನ್ಯ ಸಂಪಾದಕರೇ,

ಡಿವಿಡಿಯಲ್ಲಿ ಬೇಕಾದ ದೃಶ್ಯ ಕೂಡಲೇ ಸಿಗದಿದ್ದರೆ ಎಲ್ಲರೂ ಬೈಯುವುದು ಪ್ಲೇಯರನ್ನು. ಎಷ್ಟೋ ಸಲ ತಪ್ಪು ಇರುವುದು ಚಾಪ್ಟರ್‌ಗಳನ್ನು, ಅಂದರೆ ಬೇಕಾದ ದೃಶ್ಯಕ್ಕೆ ನೇರವಾಗಿ ಹಾರಲು ಇಡುವ ಗುರುತುಗಳನ್ನು, ಸರಿಯಾಗಿ ಹಾಕದೆ ಡಿಸ್ಕ್ ತಯಾರಿಸಿದವರಲ್ಲಿ.

ಡಿವಿಡಿಯಲ್ಲಿ ಪ್ರತಿಯೊಂದು ಚಿತ್ರವೂ ಇಡಿಯಾಗಿ ಇರುವುದಿಲ್ಲ. ವಿಡಿಯೊವನ್ನು ಕುಗ್ಗಿಸಿ ತುಂಬುವ ಎಂಪೆಗ್-2 ಪದ್ಧತಿಯಲ್ಲಿ ಸುಮಾರು ಅರ್ಧ ಸೆಕೆಂಡಿಗೊಂದು ಪೂರ್ಣ ಚಿತ್ರ, ಅಂದರೆ ಐ-ಫ್ರೇಮ್, ಬರುತ್ತದೆ. ನಡುವಿನ ಫ್ರೇಮ್‌ಗಳಲ್ಲಿ ಇರುವುದು ಅಕ್ಕಪಕ್ಕದ ಚಿತ್ರಕ್ಕೂ ಅದಕ್ಕೂ ಇರುವ ವ್ಯತ್ಯಾಸವಷ್ಟೇ. ಫಾಸ್ಟ್ ಫಾರ್ವರ್ಡ್ ಒತ್ತಿದಾಗ ಚಿತ್ರ ಕುಪ್ಪಳಿಸುತ್ತಾ ಓಡುವುದು ಇದರಿಂದಲೇ. ಪ್ಲೇಯರ್ ಐ-ಫ್ರೇಮ್‌ಗಳನ್ನು ಮಾತ್ರ ತೋರಿಸಿ ಮುಂದೆ ಹಾರುತ್ತದೆ. ಒಂದೊಂದೇ ಫ್ರೇಮ್ ಹಿಂದಕ್ಕೆ ಸರಿಸಬೇಕಾದರೆ ಒಂದು ಐ-ಫ್ರೇಮಿನಿಂದ ಶುರುವಾಗುವ ಇಡೀ ಫ್ರೇಮ್ ಗುಂಪನ್ನು ಮೊದಲಿನಿಂದ ಬಿಡಿಸಿ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. ಹಾಗಾಗಿ ಅನೇಕ ಪ್ಲೇಯರ್‌ಗಳಲ್ಲಿ ಆ ಸೌಲಭ್ಯವೇ ಇರುವುದಿಲ್ಲ.

ಎಲ್ಲಿಗೆ ಹಾರಬೇಕೆಂಬುದು ಡಿಸ್ಕಿನಲ್ಲೇ ಬರೆದಿದೆ. ವಿಡಿಯೊವನ್ನು 0.4ರಿಂದ 1 ಸೆಕೆಂಡಿನ ತುಣುಕುಗಳಾಗಿಸಿ, ಪ್ರತಿ ತುಣುಕಿನ ಆರಂಭದಲ್ಲಿ 2,048 ಬೈಟ್‌ಗಳ ನ್ಯಾವಿಗೇಶನ್ ಪ್ಯಾಕ್ ಇಟ್ಟಿರುತ್ತಾರೆ. ಮುಂದಿನ, ಹಿಂದಿನ ತುಣುಕುಗಳು ಎಷ್ಟು ಸೆಕ್ಟರ್ (ಡಿಸ್ಕಿನ ಸಂಖ್ಯೆಯುಳ್ಳ ಸಣ್ಣ ಭಾಗ) ದೂರದಲ್ಲಿವೆ ಎಂಬ ಲೆಕ್ಕ ಅದರಲ್ಲಿದೆ. ಚಾಪ್ಟರ್‌ಗಳ ಪಟ್ಟಿ ಐಎಫ್‌ಒ (IFO) ಎಂಬ ಸಣ್ಣ ಮಾಹಿತಿ ಫೈಲಿನಲ್ಲಿರುತ್ತದೆ. ಗುಂಡಿ ಒತ್ತಿದಾಗ ಪ್ಲೇಯರ್ ಈ ಪಟ್ಟಿಯಿಂದ ಸೆಕ್ಟರ್ ಸಂಖ್ಯೆ ತೆಗೆದುಕೊಂಡು, ಲೆನ್ಸನ್ನು ಸರಿಸುವ ಸ್ಲೆಡ್ ಮೋಟರ್ ಮೂಲಕ ಅದನ್ನು ಅಂದಾಜಿನ ಜಾಗಕ್ಕೆ ಒಯ್ಯುತ್ತದೆ. ಅಲ್ಲಿನ ಸಂಖ್ಯೆ ಓದಿ, ತಪ್ಪಿದ್ದರೆ ಮತ್ತೆ ಸರಿಸುತ್ತದೆ. ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಇರುವ ಅಂತರ ಬರೀ 0.74 ಮೈಕ್ರಾನ್, ಜೊತೆಗೆ ಅಂಚಿನ ಕಡೆ ಹೋದಂತೆ ಡಿಸ್ಕ್ ತಿರುಗುವ ವೇಗವನ್ನೂ ಇಳಿಸಬೇಕು. ಗೀರು ಬಿದ್ದಿದ್ದರೆ ಸಂಖ್ಯೆ ಓದಲಾಗದೆ ಲೆನ್ಸ್ ಹಿಂದೆ ಮುಂದೆ ಅಲೆಯುತ್ತದೆ, ಚಿತ್ರ ನಿಲ್ಲುತ್ತದೆ. ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೇ ಬೀಳುತ್ತದೆ. ಅಂಥ ಗೀರನ್ನು ಸರಿಪಡಿಸುವುದು ಪ್ಲೇಯರಿನ ದೋಷ ತಿದ್ದುವ ವ್ಯವಸ್ಥೆಗೂ ಕಷ್ಟ.

ಇನ್ನು, ಚಿತ್ರಕ್ಕೆ ಮೊದಲು ಬರುವ ಎಚ್ಚರಿಕೆಯ ಬರಹವನ್ನು ಬಿಟ್ಟು ಮುಂದೆ ಹಾರಲು ಹೋದಾಗ ಪರದೆಯಲ್ಲಿ ನಿಷೇಧದ ಗುರುತು ಬಂದರೆ ರಿಮೋಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ತಡೆಯೂ ಡಿಸ್ಕಿನಲ್ಲೇ ಬರೆದದ್ದು.

ಹಳೆಯ ಟೇಪ್‌ಗಳನ್ನು ಡಿವಿಡಿಗೆ ಹಾಕಿಕೊಡುವವರಲ್ಲಿ ನನ್ನ ವಿನಂತಿ ಇಷ್ಟು. ಐದೈದು ನಿಮಿಷಕ್ಕೆ ತಾನಾಗಿ ಚಾಪ್ಟರ್ ಬೀಳುವಂತೆ ಬಿಟ್ಟುಬಿಡಬೇಡಿ. ಯಾರದೋ ಮಾತಿನ ಮಧ್ಯೆ ಬಿದ್ದ ಗುರುತಿನಿಂದ ನೋಡುವವರಿಗೆ ಏನೂ ಪ್ರಯೋಜನವಿಲ್ಲ. ವಿಡಿಯೊವನ್ನು ಪೂರ್ತಿ ನೋಡಿ, ದೃಶ್ಯ ಬದಲಾಗುವ ಫ್ರೇಮಿಗೇ ಗುರುತು ಹಾಕಿ, ಅದೂ ಎನ್‌ಕೋಡ್ ಮಾಡುವ, ಅಂದರೆ ವಿಡಿಯೊವನ್ನು ಎಂಪೆಗ್-2ಗೆ ಬದಲಿಸುವ, ಮೊದಲೇ. ಆಗ ಆ ಜಾಗದಲ್ಲಿ ಹೊಸ ಐ-ಫ್ರೇಮ್ ಕೂರಿಸಬಹುದು. ಆಮೇಲೆ ಹಾಕಿದರೆ ಗುರುತು ಹತ್ತಿರದ ಐ-ಫ್ರೇಮಿಗೆ ಸರಿಯುತ್ತದೆ, ಹಿಂದಿನ ದೃಶ್ಯದ ಕೊನೆ ಅರೆಕ್ಷಣ ಮಿಂಚಿ ಹೋಗುತ್ತದೆ. ಒಂದು ಟೈಟಲ್‌ಗೆ 99 ಚಾಪ್ಟರ್‌ಗಳನ್ನು ಧಾರಾಳವಾಗಿ ಹಾಕಬಹುದು, ಹನ್ನೆರಡಕ್ಕೇ ನಿಲ್ಲಿಸುವುದೇಕೆ?

ಕಂಪ್ಯೂಟರಿಗೆ ನಕಲು ಮಾಡುವವರು ದೊಡ್ಡ ಫೈಲುಗಳೆಂದು ಚಿತ್ರ, ಧ್ವನಿ ಇರುವ ವಿಒಬಿ (VOB) ಫೈಲುಗಳನ್ನಷ್ಟೇ ಎತ್ತಿಕೊಂಡು, ಸಣ್ಣ ಐಎಫ್‌ಒ ಮತ್ತು ಅದರ ಪ್ರತಿಯಾದ ಬಿಯುಪಿ ಫೈಲುಗಳನ್ನು ಬಿಟ್ಟುಬಿಡುತ್ತಾರೆ. ಚಿತ್ರವೇನೋ ಓಡುತ್ತದೆ, ಆದರೆ ಚಾಪ್ಟರ್‌ಗಳು ಹೋಗಿರುತ್ತವೆ, ಒಟ್ಟು ಅವಧಿಯೂ ತಪ್ಪಾಗಿ ಕಾಣಬಹುದು. ಈ ಫೈಲುಗಳೆಲ್ಲ ಇರುವ ವಿಡಿಯೊ_ಟಿಎಸ್ (VIDEO_TS) ಫೋಲ್ಡರನ್ನು ಇಡಿಯಾಗಿಯೇ ನಕಲು ಮಾಡಬೇಕು.